ಅಮ್ಮನ ಕೊಳವೆಗೆ ನೂರಿಪ್ಪತ್ತು ಮೀಟರ್

ಒಂದು ಸಂಖ್ಯೆಯ ಸಲುವಾಗಿ ನಮ್ಮಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ವರ್ಕ್‌ಶಾಪಿನಲ್ಲಿ ಉಕ್ಕಿನ ತಗಡು ಸುತ್ತಿ ಕೊಳವೆ ಮಾಡುವುದು ಅವಳ ಕೆಲಸ. ಅದು ನೀರಿನಲ್ಲಿ ಎಷ್ಟು ಆಳ ತಾಳುತ್ತದೆಂದು ಲೆಕ್ಕ ಹಾಕುವುದು ನನ್ನದು. ಈ ಸಲ ಆರು ಜನ ಕೂತು ಸರೋವರದೊಳಗೆ ಇಳಿಯುವ ಪುಟ್ಟ ಜಲಾಂತರ್ಗಾಮಿಯ ಒಡಲು. ಕೊಳವೆ ಪಕ್ಕಾ ದುಂಡಗಿದ್ದರೆ ಇನ್ನೂರು ಮೀಟರ್ ತಾಳಬೇಕು. ಆದರೆ ಯಾರೇ ಸುತ್ತಲಿ, ಎಲ್ಲೋ ಕೂದಲೆಳೆಯಷ್ಟು ಚಪ್ಪಟೆ ಉಳಿದೇ ಉಳಿಯುತ್ತದೆ. ನೀರು ಆ ಜಾಗವನ್ನೇ ಹುಡುಕಿ ಒಳಕ್ಕೆ ಮಡಚುತ್ತದೆ. ಹಾಗಾಗಿ ನೂರಿಪ್ಪತ್ತು ಎಂದು ಬರೆದೆ.

"ನನ್ನ ಕೆಲಸ ಸೊಟ್ಟ ಅಂತ ಮೊದಲೇ ಬರೆದಿಟ್ಟಿದ್ದೀಯಾ?" ಎಂದಳು ಅಮ್ಮ. ಅಷ್ಟೇ. ಆಮೇಲೆ ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಅಪ್ಪನ ಮೂಲಕವೇ ಅರ್ಜಿ ಹಾಕಬೇಕಾಯಿತು. ಅಪ್ಪನಿಗೋ ಒಳಗೊಳಗೇ ನಗು.

ಪರೀಕ್ಷೆಯ ದಿನ ಅಮ್ಮ ಮಾಡಿದ ಮಾದರಿ ಕೊಳವೆಯನ್ನು ದಪ್ಪ ಗೋಡೆಯ ತೊಟ್ಟಿಯಲ್ಲಿಟ್ಟು, ಮುಚ್ಚಳ ಬಿಗಿದು, ನೀರಿನ ಒತ್ತಡ ಏರಿಸತೊಡಗಿದರು. ಎಷ್ಟು ಮೀಟರಿಗೆ ಮಡಚಿಕೊಳ್ಳುತ್ತದೆಂದು ಎಲ್ಲರೂ ತೊಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮಲ್ಲಿ ರೂಢಿ. ಅಮ್ಮ ನೂರತೊಂಬತ್ತು ಎಂದು ದೊಡ್ಡದಾಗಿ ಗೀಚಿದಳು. ವೆಲ್ಡರ್ ಕಿಸಕ್ಕನೆ ನಕ್ಕ.

ಒತ್ತಡವನ್ನು ಆಳದ ಲೆಕ್ಕದಲ್ಲಿ ತೋರಿಸುವ ಮಾಪಕದ ಮುಳ್ಳು ನೂರಿಪ್ಪತ್ತು ದಾಟಿತು. ನೂರೈವತ್ತಕ್ಕೆ ವೆಲ್ಡರನ ನಗು ನಿಂತಿತು. ನೂರೆಂಬತ್ತಾರಕ್ಕೆ ತೊಟ್ಟಿಯೊಳಗೆ ಢಮಾರೆಂದಿತು. ಹೊರಗೆ ತೆಗೆದರೆ ಕೊಳವೆ ನಾಲ್ಕು ಕಡೆ ಒಳಕ್ಕೆ ಕುಸಿದು, ಹಿಂಡಿದ ಬಟ್ಟೆಯ ಹಾಗಿತ್ತು. ಸೋತ ಬೇಸರ ಹಾಗಿರಲಿ, ನನಗೆ ಅಮ್ಮನ ಮೇಲೆ ಎಲ್ಲಿಲ್ಲದ ಹೆಮ್ಮೆಯಾಯಿತು. ಲೆಕ್ಕದ ಹಾಳೆಯಲ್ಲಿ ನೂರಿಪ್ಪತ್ತನ್ನು ಹೊಡೆದುಹಾಕಿ ನೂರೆಂಬತ್ತು ಬರೆಯಲು ಹೊರಟೆ. ಇನ್ನೂ ಆಳಕ್ಕೆ ಇಳಿಸಬಹುದಲ್ಲ ಎಂದು ಜಲಾಂತರ್ಗಾಮಿ ಮಾಡಿಸುತ್ತಿದ್ದ ಮಾಲೀಕರೂ ಹುರಿದುಂಬಿಸಿದರು.

ಅಮ್ಮ ನನ್ನ ಕೈ ಹಿಡಿದಳು.

"ಬರೀಬೇಡ. ನಿನ್ನ ಮೇಲಿನ ಹಠಕ್ಕೆ ಮೂರು ದಿನ ಇದೊಂದನ್ನೇ ತಟ್ಟಿ ತಟ್ಟಿ ದುಂಡಗೆ ಮಾಡಿದೀನಿ. ನಾನು ದಿನಾ ಸುತ್ತೋದು ಹೀಗಿರಲ್ಲ."

ಇಡೀ ವರ್ಕ್‌ಶಾಪ್ ಕೇಳಿಸಿಕೊಂಡಿತು. ತಪ್ಪಾಯಿತೆಂದು ಒಪ್ಪಿಕೊಳ್ಳುವುದು ನಮ್ಮಮ್ಮನ ಜಾತಕದಲ್ಲೇ ಇಲ್ಲ ಎಂದುಕೊಂಡಿದ್ದ ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಒಳಗೆ ಆರು ಜನ ಕೂತಿರ್ತಾರೆ ಕಣೇ. ಎಂದಿನ ಹಾಗೆ ಇನ್ನೊಂದು ಸುತ್ತಿಕೊಡ್ತೀನಿ. ಅದನ್ನ ಮುರಿದು ನೋಡು, ಆಮೇಲೆ ಬರಿ."

ಮರುವಾರ ಆ ಇನ್ನೊಂದು ಕೊಳವೆ ನೂರಿಪ್ಪತ್ತೆಂಟಕ್ಕೆ ಮಡಚಿಕೊಂಡಿತು. ಎಲ್ಲರೂ ಅಮ್ಮನ ಮುಖ ನೋಡಿದರು. ಮೊದಲು ಚಪ್ಪಾಳೆ ತಟ್ಟಿದವಳು ಅವಳೇ.