ಆಕಾಶ ಕುಡಿಯುವ ಆನೆ

"ಬೆಟ್ಟ ತಲೆಕೆಳಗಾಗಿದೆಯಲ್ಲೇ," ಎಂದು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಅಪ್ಪನ ದನಿ ಬಂತು.

"ಹಳೇ ಪೆಟ್ಟಿಗೆ ಕ್ಯಾಮೆರಾ ಅಪ್ಪಾ. ಹಿಂದಿನ ಗಾಜಿನ ಮೇಲೆ ಎಲ್ಲಾ ಹಾಗೇ ಬೀಳೋದು," ಎಂದು ಮಗಳು ನಕ್ಕಳು.

ಅಪ್ಪ ಗೋಡೆ ಕಟ್ಟುವ ಮೇಸ್ತ್ರಿ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸೈರಿಸದವನು. ಕಂಡವರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡದೆ ಕೂತವನಲ್ಲ. ಈಗಲೂ ಏನಾದರೊಂದು ಗೊಣಗಿ ಹೊರಗೆ ಬರುತ್ತಾನೆಂದು ಕಾದಳು. ಬರಲಿಲ್ಲ.

ಅವಳಿಗೋ ಅವಸರ. ಬೆಳಗಾದರೆ ಕಲ್ಲುಗಣಿಯವರು ಬೆಟ್ಟದ ನೆತ್ತಿಗೆ ಸಿಡಿಮದ್ದು ಇಡುತ್ತಾರೆ. ಅವಳೂ ತಮ್ಮನೂ ಹುಟ್ಟಿದಾಗಿನಿಂದ ಕಿಟಕಿಯಲ್ಲಿ ನೋಡಿ ಬೆಳೆದ ಬೆಟ್ಟ ಅದು. ತಮ್ಮನಂತೂ ಉಳಿಯಲಿಲ್ಲ, ಬೆಟ್ಟವಾದರೂ ಒಂದು ಫೋಟೊದಲ್ಲಿ ಉಳಿಯಲಿ ಎಂದು ದೂರದ ಊರಿನಿಂದ ಬಂದಿದ್ದಳು. ಫಿಲ್ಮು ಹಾಕಿದರೆ ಹಿಂದಿನ ಗಾಜು ಮುಚ್ಚಿಹೋಗುತ್ತದೆ. ಅಪ್ಪ ನೋಡುತ್ತಿರುವಷ್ಟು ಹೊತ್ತು ಫೋಟೊ ಇಲ್ಲ.

"ಅಪ್ಪಾ, ಬೆಳಕು ಹೋಗ್ತಿದೆ. ಸ್ವಲ್ಪ ಜರುಗು."

"ಆನೆ," ಎಂದ ಅಪ್ಪ.

ಫಿಲ್ಮು ಹಿಡಿದ ಅವಳ ಕೈ ಅಲ್ಲೇ ನಿಂತಿತು. ಕಾಯಿಲೆ ಬಿದ್ದ ವರ್ಷ ತಮ್ಮ ಮಂಚದಿಂದ ತಲೆ ಇಳಿಬಿಟ್ಟು ಕಿಟಕಿಯಾಚೆಯ ಬೆಟ್ಟವನ್ನು ತಲೆಕೆಳಗಾಗಿ ನೋಡುತ್ತ, ಆನೆ ಸೊಂಡಿಲಿಳಿಸಿ ಆಕಾಶ ಕುಡೀತಿದೆ ಎನ್ನುತ್ತಿದ್ದ. ಕೆಲಸದಿಂದ ಬಂದ ಅಪ್ಪ ಕೈಕಾಲು ತೊಳೆಯುತ್ತಲೇ, "ಹೂಂ ಕಣೋ, ಕಾಣ್ತಿದೆ," ಎನ್ನುತ್ತಿದ್ದ.

"ದಂತ ಎಷ್ಟು, ಹೇಳು ನೋಡೋಣ?" ಎಂದು ತಮ್ಮ ಪರೀಕ್ಷಿಸುತ್ತಿದ್ದ.

"ಎರಡು."

ತಮ್ಮ ಅಕ್ಕನ ಕಡೆ ತಿರುಗಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವನು ಹೋದ ಮೇಲೆ ಅಪ್ಪ ಆ ಕಿಟಕಿಗೆ ಇಟ್ಟಿಗೆ ಕಟ್ಟಿದ. ಅಲ್ಲಿಂದೀಚೆಗೆ ಮಗನ ಸುದ್ದಿ ತಾನೂ ಎತ್ತಲಿಲ್ಲ, ಎತ್ತಿದವರನ್ನು ಸುಮ್ಮನೆ ಬಿಡಲೂ ಇಲ್ಲ.

"ಒಂದೇ ದಂತ ಕಣೇ ಇರೋದು," ಎಂದ ಅಪ್ಪ ಬಟ್ಟೆಯೊಳಗಿಂದ. "ನಾನು ಎರಡು ಅಂತಿದ್ದೆ. ಮಗು ಒಂದಿನಾನೂ ಸುಳ್ಳು ಅನ್ನಲಿಲ್ಲ."

"ಅವನಿಗೆ ಗೊತ್ತಿತ್ತಪ್ಪ."

"ಗೊತ್ತಿರದೆ ಏನು. ಅಪ್ಪ ಕೆಲಸದಿಂದ ದಣಿದು ಬಂದಿದಾನೆ ಅಂದ್ಕೊಂಡಿರ್ತಾನೆ."

ಬಿಸಿಲು ಬೆಟ್ಟದ ನೆತ್ತಿಯಿಂದ ಜಾರುತ್ತಿತ್ತು. ಒಂದು ಕ್ಷಣ ಅಪ್ಪನ ಭುಜ ಹಿಡಿದು ಸರಿಸಿದ್ದರೆ ಸಾಕಿತ್ತು. ಅವಳಿಗೆ ಕೈ ಬರಲಿಲ್ಲ. ಫಿಲ್ಮನ್ನು ಸದ್ದಾಗದಂತೆ ಚೀಲಕ್ಕೆ ಹಾಕಿದಳು.

"ಫೋಟೊ ಆಯ್ತೇನೇ?"

"ಆಯ್ತಪ್ಪ. ನೀನು ನೋಡು."

ಅಪ್ಪ ಎರಡೂ ಕೈಯಿಂದ ಹಿಡಿದಿದ್ದ ಕ್ಯಾಮೆರಾದ ಮೂರು ಕಾಲುಗಳು ಸಣ್ಣಗೆ ನಡುಗತೊಡಗಿದವು. ಅವಳು ಕುಕ್ಕರುಗಾಲಲ್ಲಿ ಕೂತು ಅವುಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಳು.