ಬೇಲಿ ಬುಡದ ಮೀನಿನ ಕಸ

ಮಾರುಕಟ್ಟೆಯಲ್ಲಿ ಅವಳನ್ನು ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಿದ್ದರು. ಮೀನು ಹೆಚ್ಚಿದ ಮೇಲೆ ಉಳಿಯುವ ಕರುಳು, ಕಿವಿರುಗಳನ್ನು ಎಲ್ಲಿ ಹಾಕುವುದು ಎನ್ನುವುದೇ ಅವಳಿಗೆ ದಿನದ ತಲೆನೋವು. ಕಸದ ಗಾಡಿ ಬರುವುದು ಮಧ್ಯಾಹ್ನ. ಅಷ್ಟರಲ್ಲಿ ನಾತ ಹೊಡೆದು ಗಿರಾಕಿಗಳು ಮೂಗು ಮುಚ್ಚಿಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಹಾಗಾಗಿ ಗಂಡ ಬೆಳಿಗ್ಗೆಯೇ ಬಕೆಟ್ ಹೊತ್ತು, ಅಂಗಡಿ ಹಿಂದಿನ ವಿಮಾನ ಮೈದಾನದ ಬೇಲಿ ಬುಡದಲ್ಲಿ ಸುರಿದು ಬರುತ್ತಿದ್ದ. ಹದ್ದುಗಳು ಗಳಿಗೆಯಲ್ಲಿ ಖಾಲಿ ಮಾಡುತ್ತಿದ್ದವು.

ಅದು ವಿಮಾನ ಓಡಿಸುವುದನ್ನು ಕಲಿಸುವ ಖಾಸಗಿ ಶಾಲೆಯ ಮೈದಾನ. ಅಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಮೀನಕ್ಕನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಪಕ್ಕದ ಮನೆಯವಳಿಗೂ ಅಲ್ಲೇ ಕೆಲಸ: ರನ್‌ವೇ ಗುಡಿಸುವುದು, ನಾಯಿ ಹಕ್ಕಿ ಓಡಿಸುವುದು. ಬೇಲಿ ಹತ್ತಿರ ಕಸ ಹಾಕಬೇಡಿ ಎಂದು ಅವಳು ಎರಡು ಸಲ ಹೇಳಿ ನೋಡಿದ್ದಳು.

“ಅಷ್ಟು ದೊಡ್ಡ ಯಂತ್ರಕ್ಕೆ ಒಂದು ಹದ್ದು ಏನೇ ಮಾಡುತ್ತೆ?” ಎಂದು ಮೀನಕ್ಕ ನಕ್ಕಿದ್ದಳು.

“ಅದು ತೆಳ್ಳನೆ ತಗಡಕ್ಕ. ನೆಲ ಬಿಟ್ಟು ಏಳೋ ಹೊತ್ತಲ್ಲಿ ಹಕ್ಕಿ ಅಡ್ಡ ಬಂದ್ರೆ, ಸುಧಾರಿಸಿಕೊಳ್ಳೋಕೆ ಎತ್ತರಾನೇ ಇರಲ್ಲ.”

ಮೀನಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಂಗಳವಾರ ಮಹಡಿಯ ಹುಡುಗಿ ಗುರುಗಳ ಜೊತೆ ಹಾರುತ್ತೇನೆಂದು ಹೇಳಿ, ಅರ್ಧ ಲೋಟ ಚಹಾ ಕುಡಿದು ಹೊರಟಳು. ಎಂಟೂವರೆಗೆ ಅಂಗಡಿಯಲ್ಲಿದ್ದ ಮೀನಕ್ಕನ ತಲೆಯ ಮೇಲೆ ವಿಮಾನದ ಸದ್ದು ಏರಿತು, ತಡವರಿಸಿತು, ತಟ್ಟನೆ ಕೆಳಗಿಳಿಯಿತು. ಆಮೇಲೆ ಬೇಲಿಯಾಚೆ ದಡ್ ಎಂದು ನೆಲ ನಡುಗಿತು.

ಅವಳು ಕತ್ತಿ ಬಿಟ್ಟು ಓಡಿದಳು. ವಿಮಾನ ಚರಂಡಿಯಲ್ಲಿ ಮೂಗು ಹೂತು ಬಿದ್ದಿತ್ತು. ಒಂದು ರೆಕ್ಕೆ ಕಿತ್ತುಬಂದು ಇಂಧನ ಸೋರುತ್ತಿತ್ತು. ಜನ ಮೊಬೈಲ್ ಎತ್ತಿಕೊಂಡು ಹತ್ತಿರ ಹೋಗುತ್ತಿದ್ದರು. ಪಕ್ಕದ ಮನೆಯವಳು ಕೈ ಅಗಲಿಸಿ ಎಲ್ಲರನ್ನೂ ತಡೆದಳು. ಒಂದು ಕಿಡಿ ಬಿದ್ದರೂ ಹೊತ್ತಿಕೊಳ್ಳುತ್ತದೆ, ಸಿಗರೇಟು ಆರಿಸಿ, ಅಗ್ನಿಶಾಮಕದ ಗಾಡಿಗೆ ದಾರಿ ಬಿಡಿ ಎಂದು ಗಂಟಲು ಕಟ್ಟುವವರೆಗೆ ಕೂಗಿದಳು. ಮೀನಕ್ಕ ಮಾತ್ರ ಕೇಳದೆ ನುಗ್ಗಿದಾಗ ಸೆರಗು ಹಿಡಿದು ಎಳೆದಳು.

“ನಮ್ಮ ಹುಡುಗಿ ಒಳಗಿದ್ದಾಳೆ ಕಣೇ.”

“ಗೊತ್ತಕ್ಕ. ನೀನು ಹೋದ್ರೆ ಅಗ್ನಿಶಾಮಕದವರು ಇಬ್ಬರ ಬದಲು ಮೂವರನ್ನ ಎಳೀಬೇಕಾಗುತ್ತೆ.”

ಅಗ್ನಿಶಾಮಕದವರು ಬಂದು ನೊರೆ ಸುರಿದು ಇಬ್ಬರನ್ನೂ ಹೊರಗೆ ತೆಗೆದರು. ಹುಡುಗಿಯ ಕಣ್ಣು ಮುಚ್ಚಿತ್ತು. ಗುರುಗಳ ಮುಖವೆಲ್ಲ ಗಾಜಿನ ಚೂರು. ಆಸ್ಪತ್ರೆಯ ಬೆಂಚಿನ ಮೇಲೆ ಮೀನಕ್ಕ ಸಂಜೆಯವರೆಗೆ ಕೂತೇ ಇದ್ದಳು. ಕೊನೆಗೆ ಡಾಕ್ಟರು ಹೊರಬಂದು, ಹುಡುಗಿಗೆ ಪಕ್ಕೆಲುಬು ಮುರಿದಿದೆ, ಉಳಿಯುತ್ತಾಳೆ ಎಂದರು. ಗುರುಗಳೂ ಉಳಿದರು, ಆದರೆ ಒಂದು ಕಣ್ಣು ಹೋಗಿತ್ತು.

ಮರುದಿನ ತನಿಖೆಯವರು ಮಾರುಕಟ್ಟೆಗೆ ಬಂದರು. ಹದ್ದೊಂದು ಮುಂದಿನ ಗಾಜು ಒಡೆದು ಒಳಗೇ ನುಗ್ಗಿತ್ತು, ಅದರ ಕಾಲಲ್ಲಿ ಮೀನಿನ ಕರುಳಿತ್ತು ಎಂದರು. ಬೇಲಿ ಬಳಿ ಕಸ ಹಾಕುವವರು ಯಾರು ಎಂದು ಅಂಗಡಿ ಅಂಗಡಿಗೂ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಗಂಡ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ.

ಮೀನಕ್ಕ ಎದ್ದು ನಿಂತಳು. “ಹಾಕ್ತಿದ್ದದ್ದು ನಾವೇ ಸ್ವಾಮಿ.”

ಆ ಸಂಜೆ ಗಂಡ ಸಿಡಿಮಿಡಿಗೊಂಡ. ನಮ್ಮ ಕಸ ತಿಂದ ಹದ್ದೇ ಅದು ಅನ್ನುವುದಕ್ಕೆ ಗುರುತೇನು ಎಂದು ಪಕ್ಕದ ಮನೆಯವಳನ್ನೇ ಕೇಳಿದ.

“ಯಾವ ಹದ್ದು ಅಂತ ನನಗೂ ಗೊತ್ತಿಲ್ಲ ಭಾವ,” ಎಂದಳು ಅವಳು. “ಅಷ್ಟೊಂದು ಹದ್ದು ಅಲ್ಲಿಗೆ ಯಾಕೆ ಬರ್ತವೆ ಅಂತ ಗೊತ್ತು.”

ಬೆಳಿಗ್ಗೆ ಗಂಡ ತಾನೇ ಹೋಗಿ ಬಿಗಿ ಮುಚ್ಚಳದ ಡ್ರಮ್ಮು ತಂದ. ಅಂಗಡಿಯವರೆಲ್ಲ ಸೇರಿ ಕೇಳಿದ್ದಕ್ಕೆ ಕಸದ ಗಾಡಿ ಈಗ ಎರಡು ಹೊತ್ತೂ ಬರುತ್ತದೆ.

ನಿಮ್ಮ ಊರಿನ ಪಕ್ಕದಲ್ಲೂ ವಿಮಾನ ಏಳುವ ಜಾಗವಿದೆಯೇ? ಹಾಗಿದ್ದರೆ ಅದರ ಸುತ್ತ ಮೀನು, ಮಾಂಸ, ಅನ್ನದ ಕಸ ಸುರಿಯಬೇಡಿ; ಮುಚ್ಚಿಟ್ಟು ಗಾಡಿಗೇ ಕೊಡಿ. ಅಪಘಾತವಾದರೆ ದೂರ ನಿಂತು ದಾರಿ ಬಿಡಿ. ತಲೆಯ ಮೇಲೆ ಹಾರುವ ವಿಮಾನದಲ್ಲಿ ಯಾರಿದ್ದಾರೆಂದು ಕೆಳಗಿನಿಂದ ನಮಗೆ ಕಾಣುವುದಿಲ್ಲ. ಯಾವುದೋ ಮನೆಯಲ್ಲಿ ಯಾರೋ ಅವರಿಗಾಗಿ ಕಾಯುತ್ತಿರುತ್ತಾರೆ ಎನ್ನುವುದಂತೂ ನಿಜ.