ವ್ಯಾನಿಗೊಂದು ಪೀಠಿಕೆ

ಆ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಪರನಿಂದೆಯನ್ನು ಬಿಡುವೆನೆಂದು ನಾನು ವ್ರತ ತೊಟ್ಟಿದ್ದೆ. ಹಿಂದಿನ ವರ್ಷ ಸಿಹಿ ಬಿಟ್ಟಿದ್ದೆ, ಅದು ಸುಲಭವಾಗಿತ್ತು. ವಾಷಿಂಗ್ಟನ್ನಿನಲ್ಲಿ ಈಗ ಆಳುತ್ತಿರುವವರನ್ನು ಈಸ್ಟರ್ ಹಬ್ಬದವರೆಗೆ ಬೈಯದಿರುವುದು ಸಿಹಿ ಬಿಟ್ಟಂತಲ್ಲ. ವ್ರತ ಮೊದಲಾಗುವ ಬೂದಿ ಬುಧವಾರ ಪಾದ್ರಿಗಳು ಹಣೆಗೆ ಹಚ್ಚಿದ ಬೂದಿ ಮಾಸುವ ಮೊದಲೇ, ನನ್ನೊಳಗಿನ ನಿವೃತ್ತ ಲ್ಯಾಟಿನ್ ಅಧ್ಯಾಪಕ ಒಂದು ಸೂಕ್ಷ್ಮ ವ್ಯಾಖ್ಯಾನವನ್ನು ಕಂಡುಕೊಂಡ: ನಿಂದೆಯೆಂಬುದು ನಾಲಗೆಯ ಪಾಪ, ಲೇಖನಿಗೆ ನಾಲಗೆಯಿಲ್ಲ. ಹೀಗಾಗಿ ಊರ ವಾರಪತ್ರಿಕೆಯಲ್ಲಿ ನನ್ನ ರಾಜಕೀಯ ಅಂಕಣ ಅಬಾಧಿತವಾಗಿ ಮುಂದುವರಿಯಿತು.

ಆ ಅಂಕಣದಲ್ಲಿ ನಾನು ಪ್ರತಿವಾರವೂ ಒಬ್ಬ ಸೆನೆಟರನಿಗೆ ರೋಮಿನ ಅವನತಿಕಾಲದ ಒಬ್ಬ ಚಕ್ರವರ್ತಿಯನ್ನು ಹುಡುಕಿ ಜೋಡಿಸುತ್ತಿದ್ದೆ. ಚಕ್ರವರ್ತಿಗಳು ಮುಗಿಯುತ್ತ ಬಂದಿದ್ದರು, ಸೆನೆಟರುಗಳು ಮುಗಿದಿರಲಿಲ್ಲ. ಅದನ್ನು ಓದುವವರು ಯಾರೆಂಬುದು ನನಗೆ ತಿಳಿದಿರಲಿಲ್ಲ. ನನ್ನ ಹೆಂಡತಿ ಹೆಸ್ಟರ್ ಮೊದಲ ಪ್ಯಾರಾ ಓದಿ, ಚೆನ್ನಾಗಿದೆಯೆಂದು ಹೇಳಿ, ಸೌದೆಯೊಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದಳು.

ಪಕ್ಕದ ಮನೆಯ ರೊಸೇರ್ ಥಿಬೊ ಹಸುಗಳನ್ನು ಮಾರಿ ಹಟ್ಟಿಗೆ ಬೀಗ ಹಾಕಿದ ಮುದುಕ. ಅವನ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಬೆಟ್ಟದಾಚೆಯ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ದೂರದ್ದು ಮಂಜಾಗಿ ಕಾಣುತ್ತಿದ್ದುದರಿಂದ ತಾನೇ ಕಾರು ಓಡಿಸಲಾರ. ಊರಿನ ವೃದ್ಧರ ವ್ಯಾನೇ ಅವನ ಜೀವನಾಡಿ. ಅದು ನಡೆಯುತ್ತಿದ್ದುದು ಕೇಂದ್ರ ಸರ್ಕಾರದ ನೆರವಿನಿಂದ. ಆ ಚಳಿಗಾಲ ಹೊಸ ಸರ್ಕಾರ ನೆರವನ್ನು ನಿಲ್ಲಿಸಿತು; ಉಳಿದಿದ್ದ ಹಣ ಮಾರ್ಚ್ ಕೊನೆಯವರೆಗಷ್ಟೇ ಸಾಕಾಗುತ್ತಿತ್ತು. ಆ ಸರ್ಕಾರಕ್ಕೇ ರೊಸೇರ್ ಮತ ಹಾಕಿದ್ದ; ಅವರ ಚುನಾವಣಾ ಫಲಕ ಅವನ ಅಂಗಳದ ಹಿಮದಲ್ಲಿ ಇನ್ನೂ ಹೂತುಕೊಂಡೇ ಇತ್ತು. ನಮ್ಮ ಅಂಗಳದಲ್ಲಿದ್ದುದು, ಈ ಮನೆಯಲ್ಲಿ ಸರ್ವರಿಗೂ ಸ್ವಾಗತವೆಂದು ಹಲವು ಭಾಷೆಗಳಲ್ಲಿ ಸಾರುವ ಫಲಕ. ರೊಸೇರ್ ಅದನ್ನು ದಾಟಿ ಒಳಗೆ ಬಂದು ವರ್ಷಗಳೇ ಆಗಿದ್ದವು.

ಆದರೂ ಒಂದು ಬೆಳಿಗ್ಗೆ ಬಂದ. ಮಾರ್ಚಿನ ಊರಸಭೆಯ ಮುಂದಿಡಲು ತಾನೇ ಒಂದು ಪ್ರಶ್ನೆ ಬರೆದು, ಮನೆಮನೆಗೆ ಹೋಗಿ ಸಹಿ ಕೂಡಿಸುತ್ತಿದ್ದ. ಊರು ತನ್ನ ತೆರಿಗೆಯಿಂದ ವ್ಯಾನನ್ನು ನಡೆಸಬೇಕೆ, ಬೇಡವೆ? ಅಷ್ಟೇ. ನಾನು ಸಹಿ ಹಾಕಿ, ಇದಕ್ಕೊಂದು ಪೀಠಿಕೆಯ ಕೊರತೆಯಿದೆಯೆಂದೆ. ವ್ಯಾನು ನಿಲ್ಲುವಂತಾದದ್ದು ಯಾರಿಂದ ಎಂಬುದನ್ನು ಇತಿಹಾಸ ತಿಳಿಯಬೇಡವೆ?

"ವ್ಯಾನಿಗೆ ಡೀಸೆಲ್ ಹಾಕ್ತಾರೆ ಮೇಷ್ಟ್ರೇ," ಎಂದ ರೊಸೇರ್. "ಪೀಠಿಕೆ ಎಲ್ಲಿಗೆ ಹಾಕ್ತೀರ?"

ಇದನ್ನು ನಾನು ಸಮ್ಮತಿಯೆಂದೇ ಗ್ರಹಿಸಿದೆ. ವಾಗ್ಮಿಗಳ ದೌರ್ಬಲ್ಯವೇ ಅದು: ಎದುರಿಗಿದ್ದವರ ಮೌನವೂ ಅವರಿಗೆ ಚಪ್ಪಾಳೆಯಂತೆ ಕೇಳಿಸುತ್ತದೆ, ಹಾಸ್ಯವಂತೂ ಹೇಳುವುದೇ ಬೇಡ.

ಸಭೆ ಎಂದಿನಂತೆ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ, ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ಸೇರಿತು. ಊರಿನ ಸಕಲ ವ್ಯವಹಾರವನ್ನೂ ಅಲ್ಲಿ ಕೈಯೆತ್ತಿಯೇ ತೀರ್ಮಾನಿಸುತ್ತಾರೆ. ಅಧ್ಯಕ್ಷೆ ಲೊರೇನ್ ಪಿಂಕಮ್ ವ್ಯಾನಿನ ಪ್ರಶ್ನೆಯನ್ನು ಓದಿದ ಕೂಡಲೆ ನಾನೆದ್ದು ತಿದ್ದುಪಡಿ ಸೂಚಿಸಿದೆ. ಪೀಠಿಕೆಯನ್ನು ಬರೆಯುವುದಷ್ಟೇ ಅಲ್ಲ, ಓದಲೂ ಬೇಕಾಗುತ್ತದೆ ಎಂಬುದು ಎದ್ದು ನಿಂತಾಗ ನೆನಪಾಯಿತು. ವ್ರತವನ್ನು ನೆನೆದು ಒಂದು ಕ್ಷಣ ಅಳುಕಿದೆ. ಬಳಿಕ, ಓದುವುದು ನುಡಿದಂತಲ್ಲವೆಂದು ಮನಸ್ಸನ್ನು ಒಪ್ಪಿಸಿ ಓದಿದೆ. ಅದರಲ್ಲಿ ಆಳುವವರ ಲೋಭವಿತ್ತು, ಮಂತ್ರಿಗಳ ಅಜ್ಞಾನವಿತ್ತು, ಅವರ ಮಾತಿಗೆ ಮರುಳಾದ ಮಂದಬುದ್ಧಿಯ ಜನಕೋಟಿಯಿತ್ತು. ಕೊನೆಯಲ್ಲಿ ಗಣರಾಜ್ಯಗಳ ಮರಣವನ್ನು ಕುರಿತ ಒಂದು ಲ್ಯಾಟಿನ್ ವಾಕ್ಯವಿತ್ತು. ವಾಕ್ಯ ನನ್ನದೇ, ಪುರಾತನವೆಂದು ತೋರುವಂತೆ ರಚಿಸಿದ್ದೆ.

ನಮ್ಮ ಪಕ್ಷದವರು ಹೆಣಿಗೆಯ ಸೂಜಿಗಳನ್ನು ಕೆಳಗಿಟ್ಟು ಕರತಾಡನ ಮಾಡಿದರು. ತಿದ್ದುಪಡಿ ಸ್ವಲ್ಪದರಲ್ಲಿ ಗೆದ್ದಿತು. ಅನಂತರ ಪೀಠಿಕೆಸಹಿತವಾದ ಇಡೀ ಪ್ರಶ್ನೆಯನ್ನು ಮತಕ್ಕೆ ಹಾಕಿದರು. ರೊಸೇರನ ಕಡೆಯವರು ಯಾರೂ ಪರವಾಗಿ ಕೈಯೆತ್ತಲಿಲ್ಲ. ಅದು ನಿರೀಕ್ಷಿತವೇ. ಚಪ್ಪಾಳೆ ತಟ್ಟಿದ ನಮ್ಮವರಲ್ಲೂ ಕೆಲವರು ತಮ್ಮ ಬೂಟುಗಳನ್ನು ನೋಡುತ್ತ ಕುಳಿತರು. ಪೀಠಿಕೆಗೆ ತೆರಿಗೆಯಿಲ್ಲ; ವ್ಯಾನಿಗುಂಟು.

ಬೇಡವೆನ್ನುವವರು ಕೈಯೆತ್ತಿ ಎಂದಳು ಅಧ್ಯಕ್ಷೆ. ಎದ್ದ ಕೈಗಳ ನಡುವೆ ಒಂದು ಕೈಯ ಮೇಲೆ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರವಿತ್ತು. ಅದು ರೊಸೇರನ ಕೈ.

ಪ್ರಶ್ನೆ ಬಿದ್ದುಹೋಯಿತು. ಲೊರೇನ್ ಸುತ್ತಿಗೆ ಬಡಿದು ಊಟಕ್ಕೆ ಬಿಡುವು ಸಾರಿದಳು.

ಊಟದ ಮನೆಯಲ್ಲಿ ಚರ್ಚಿನ ಹೆಂಗಸರು ಬೇಯಿಸಿದ ಹುರುಳಿಕಾಯಿ ಬೀಜದ ಸಾರು, ಹಂದಿಮಾಂಸ, ಸೇಬಿನ ಪೈ ಬಡಿಸುತ್ತಿದ್ದರು. ಹೆಸ್ಟರ್ ತಟ್ಟೆಯನ್ನು ನನ್ನ ಮುಂದಿಟ್ಟು, "ರೀ, ವಾಷಿಂಗ್ಟನ್ನಿನವರು ವ್ಯಾನ್ ಅರ್ಧ ಕೊಂದಿದ್ರು. ಮಿಕ್ಕಿದ್ದು ನೀವು ಮುಗಿಸಿದ್ರಿ," ಎಂದಳು.

ನಾನು ಎತ್ತಿದ ಚಮಚವನ್ನು ಕೆಳಗಿಟ್ಟೆ. ಆದರೆ ಸಭೆಯ ನಿಯಮ ನನಗೆ ಗೊತ್ತಿತ್ತು: ಮುಂದಿನ ವಿಷಯವನ್ನು ಎತ್ತಿಕೊಳ್ಳುವ ಮೊದಲು, ಗೆದ್ದ ಕಡೆ ಮತ ಹಾಕಿದವರೊಬ್ಬರು ಕೇಳಿದರೆ, ತೀರ್ಮಾನವನ್ನು ಮರುಪರಿಶೀಲಿಸಬಹುದು. ನಾನು ಸೋತವನು, ನನಗೆ ಆ ಅಧಿಕಾರವಿಲ್ಲ. ಬೇಡವೆಂದವನೇ ಬೇಕು. ತಟ್ಟೆ ಬಿಟ್ಟು ರೊಸೇರನ ಎದುರು ಹೋಗಿ ಕುಳಿತೆ.

ಬೇಡವೆಂದೇಕೆ ಕೈಯೆತ್ತಿದೆಯೆಂದು ಕೇಳಿದೆ. ಅವನು ಪೈಯನ್ನು ಚಮಚದಿಂದ ಕತ್ತರಿಸುತ್ತಲೇ ಇದ್ದ.

"ಮಂದಬುದ್ಧಿಯೋರು ಅಂದ್ರಲ್ಲ ಮೇಷ್ಟ್ರೇ, ಅದ್ರಲ್ಲಿ ನಾನೂ ಒಬ್ಬ. ಹೌದು ಸ್ವಾಮಿ, ನಾನು ದಡ್ಡ ಅಂತ ಊರೆದುರಿಗೆ ಕೈಯೆತ್ತಿ ಒಪ್ಕೊಂಡು ಆ ವ್ಯಾನ್ ಹತ್ತಲಾ? ಅದಕ್ಕಿಂತ ಮನೇಲೇ ಸಾಯೋದು ವಾಸಿ."

ಅವನು ಹಾಸ್ಯ ಮಾಡುತ್ತಿರಲಿಲ್ಲ. ನಾನು ನಿಯಮವನ್ನು ವಿವರಿಸಿದೆ. ಅವನು ಕೇಳಿಸಿಕೊಂಡು, ತಾನು ಎದ್ದು ಕೇಳಬಲ್ಲೆನೆಂದೂ, ಆದರೆ ಪೀಠಿಕೆಯನ್ನು ಕಿತ್ತುಹಾಕಲು ಅದನ್ನು ಬರೆದವನೇ ಏಳಬೇಕೆಂದೂ ಹೇಳಿದ. ಒಪ್ಪಿದೆ. ಒಪ್ಪಿದ ಮೇಲೂ, ಪಾಪಿಯ ಬಾಯಿ ಸುಮ್ಮನಿರಲಿಲ್ಲ.

"ಆ ಲ್ಯಾಟಿನ್ ವಾಕ್ಯ ಒಂದನ್ನ ಉಳಿಸ್ಕೊಳ್ಳಲಾ? ಅದ್ರಲ್ಲಿ ಯಾರನ್ನೂ ಬೈದಿಲ್ಲ."

"ಬೇಡ," ಎಂದ ರೊಸೇರ್. ಆದರೆ ತನ್ನ ಪೈಯಲ್ಲಿ ಅರ್ಧವನ್ನು ನನ್ನ ಕಡೆ ತಳ್ಳಿದ.

ಊಟದ ಬಳಿಕ ಅವನು ಎದ್ದ. ಸಭೆ ಮರುಪರಿಶೀಲನೆಗೆ ಒಪ್ಪಿತು. ಅನಂತರ ನಾನು ಎದ್ದೆ. ನನ್ನ ಪೀಠಿಕೆಯನ್ನು ಪೂರ್ತಿಯಾಗಿ ತೆಗೆಯಬೇಕು, ಅದರಲ್ಲಿ ನೆರೆಹೊರೆಯವರನ್ನು ಅವಮಾನಿಸಿದ್ದೇನೆ, ವ್ಯಾನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಕುಳಿತೆ. ಆತ್ಮನಿಂದೆಗೆ ನನ್ನ ವ್ರತದಲ್ಲಿ ನಿಷೇಧವಿರಲಿಲ್ಲ. ನನ್ನ ಜೀವನದ ಅತ್ಯಂತ ಹ್ರಸ್ವವಾದ ಭಾಷಣವದು. ಅದಕ್ಕೆ ಬಿದ್ದ ಚಪ್ಪಾಳೆ ಎರಡೂ ಕಡೆಯಿಂದ ಬಿದ್ದಿತು. ಅಂಥದ್ದು ನನಗೆ ಹಿಂದೆಂದೂ ಆಗಿರಲಿಲ್ಲ. ಇದನ್ನು ನಾನು ಗಮನಿಸಿದೆನೆಂಬುದೇ ನನ್ನ ಪಶ್ಚಾತ್ತಾಪದ ಆಳವನ್ನು ತಿಳಿಸುತ್ತದೆ.

ಪೀಠಿಕೆ ಬಿದ್ದಿತು. ಬೋಳು ಪ್ರಶ್ನೆ ಗೆದ್ದಿತು. ಬೂಟು ನೋಡುತ್ತಿದ್ದ ನಮ್ಮವರೂ ಈ ಸಲ ನನ್ನ ಮುಖ ನೋಡಿ ಕೈಯೆತ್ತಿದರು.

ಆ ವಾರದ ಪತ್ರಿಕೆ ಬಂದ ಬೆಳಿಗ್ಗೆ, ವ್ಯಾನು ರೊಸೇರನ ಬಾಗಿಲಲ್ಲಿ ಹೊಗೆ ಉಗುಳುತ್ತ ನಿಂತಿತ್ತು. ನಾನು ಹಿಮ ಗೋರುತ್ತಿದ್ದೆ. ಒಳಗೆ ಕುಳಿತಿದ್ದ ಅವನು ಕಿಟಕಿ ಇಳಿಸಿ, ತನ್ನ ಪೇಪರ್ ಇನ್ನೂ ಬಂದಿಲ್ಲ, ನಮಗೆ ಬಂತೇ ಎಂದು ಕೇಳಿದ. ಏಕೆಂದು ಕೇಳಿದೆ.

"ಅಲ್ಲಿ ಗಂಟೆಗಟ್ಲೆ ಸೂಜಿ ಚುಚ್ಚಿ ಕೂರಿಸಿರ್ತಾರೆ. ಎದ್ದು ಹೋಗೋ ಹಾಗಿಲ್ಲ. ನಿಮ್ಮದು ಕೊನೇವರೆಗೂ ಓದ್ತೀನಿ, ಪ್ರತಿವಾರ. ಕೋಪ ಬರುತ್ತೆ, ಹೊತ್ತು ಹೋಗುತ್ತೆ."

ನಾನು ಸಲಿಕೆಯನ್ನು ಹಿಮದಲ್ಲಿ ಚುಚ್ಚಿ ಮನೆಯೊಳಕ್ಕೆ ಓಡಿದೆ. ಹೆಸ್ಟರ್ ಒಲೆಯ ಮುಂದೆ ಕುಳಿತು ಪತ್ರಿಕೆಯ ಮೊದಲ ಹಾಳೆಯನ್ನು ಆಗಲೇ ಉಂಡೆ ಕಟ್ಟುತ್ತಿದ್ದಳು. ಅಂಕಣವಿದ್ದ ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ಮೊಣಕಾಲ ಮೇಲೆ ಸುಕ್ಕು ತೀಡಿ, ಹೊರಡಲಿದ್ದ ವ್ಯಾನಿನ ಕಿಟಕಿಯೊಳಗೆ ಕೊಟ್ಟೆ.